ಮಳೆ, ಕರೆಂಟಿಲ್ಲ, ಪೇಟೆಗೆ ಹೋಗುವ ಹಾಗಿಲ್ಲ: ಮನೆಯಲ್ಲಿರುವುದರಲ್ಲೇ ವೀಗನ್ ಕೇಕ್ ಮಾಡುವುದು ಹೇಗೆ?

ತೋಟದ ಮನೆ | ಶುಕ್ರವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಹಳ್ಳದ ಮೋರಿ ಮೇಲೆ ನೀರು ಹರಿಯುತ್ತಿದೆ. ಕರೆಂಟು ಬುಧವಾರ ಹೋದದ್ದು ಇನ್ನೂ ಬಂದಿಲ್ಲ. ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಅಲ್ಲಿಂದಲೇ ಬರೆಯುತ್ತಿದ್ದೇನೆ.

ಅಕ್ಕನ ಮಗ ಸೋಮವಾರ ಬಂದವನು ಮಳೆಯಿಂದ ಇಲ್ಲೇ ಉಳಿದಿದ್ದಾನೆ. ಭಾನುವಾರ ಅವನಿಗೆ 20 ತುಂಬುತ್ತದೆ. ಅವನು ವೀಗನ್ ಆಗಿ ಎರಡು ವರ್ಷ ಆಯಿತು. ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನುತುಪ್ಪ ಯಾವುದೂ ಇಲ್ಲ. ಹೋದ ವರ್ಷ ಅಕ್ಕನ ಮನೆಯಲ್ಲಿ ಕೇಕ್ ಕತ್ತರಿಸಿ ಎಲ್ಲರಿಗೂ ಕೊಟ್ಟ, ತಾನು ಮಾತ್ರ ಖಾರದ ಅವಲಕ್ಕಿ ತಿಂದುಕೊಂಡು ಕೂತಿದ್ದ. ಅದು ನನ್ನ ಮನಸ್ಸಲ್ಲಿ ಉಳಿದುಬಿಟ್ಟಿದೆ. ಈ ಸಲ ಅವನು ತಿನ್ನುವಂಥ ಕೇಕ್ ಮಾಡಬೇಕು.

ಮನೆಯಲ್ಲಿ ಇರುವುದು: ಅರ್ಧ ಕಿಲೋ ಮೈದಾ, ರಾಗಿ ಹಿಟ್ಟು, ಇಡ್ಲಿ ರವೆ, ಸಕ್ಕರೆ, ಜೋನಿ ಬೆಲ್ಲ, ತೆಂಗಿನಕಾಯಿ ಬೇಕಾದಷ್ಟು, ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ಒಂದು ಸಣ್ಣ ಡಬ್ಬಿ ಕೋಕೋ ಪುಡಿ, ಏಲಕ್ಕಿ, ಕಾಫಿ ಪುಡಿ, ನಿಂಬೆಹಣ್ಣು, ಒಣ ಮುರುಗಲು, ಕಡಲೆಕಾಳು, ಶೇಂಗಾ, ಚೆನ್ನಾಗಿ ಹಣ್ಣಾದ ಪುಟ್ಟಬಾಳೆ, ಅಟ್ಟದಲ್ಲಿ ತೂಗುಹಾಕಿದ ಐದಾರು ಮಗೆಕಾಯಿ. ಬೇಕಿಂಗ್ ಪೌಡರ್ ಇಲ್ಲ, ವಿನೆಗರ್ ಇಲ್ಲ, ವೆನಿಲ್ಲಾ ಇಲ್ಲ. ಓವನ್ ಇದೆ, ಕರೆಂಟಿಲ್ಲದೆ ಅದು ಸುಮ್ನೆ ಪೆಟ್ಟಿಗೆ. ಗ್ಯಾಸ್ ಇದೆ.

ಮನೆಯಲ್ಲಿ ಇನ್ನೊಬ್ಬರೂ ಇದ್ದಾರೆ, ನನ್ನ ಅಮ್ಮ. 78 ವರ್ಷ. ಮೊಟ್ಟೆ ತಾಗಿದ ಪಾತ್ರೆ ಅಂತ ಬೇಕರಿ ಕೇಕನ್ನು ಜೀವನದಲ್ಲಿ ಬಾಯಿಗೆ ಹಾಕಿಲ್ಲ.

ಮೊಟ್ಟೆಗೆ ಬದಲು ಏನು ಹಾಕಲಿ? ಹೇಳಿ.

ಹೊಸ ಅಡುಗೆ | ಶುಕ್ರವಾರ, ಸಂಜೆ 6:32

ಬಾಳೆಹಣ್ಣು ಹಾಕಿ! ಒಂದು ಮೊಟ್ಟೆಗೆ ಕಾಲು ಕಪ್ ಕಿವುಚಿದ ಹಣ್ಣು. ನಾನು ಯಾವಾಗಲೂ ಹಾಗೇ ಮಾಡುವುದು.

ಅಗಸಿ ಹೊಲ | ಶುಕ್ರವಾರ, ಸಂಜೆ 6:45

ಧಾರವಾಡದ ಕಡೆಯವಳು ನಾನು. ನಮ್ಮಲ್ಲಿ ಅಗಸಿ ಇಲ್ಲದ ಮನೆ ಇಲ್ಲ. ಹಸಿ ಅಗಸಿ ಪುಡಿ ಮಾಡಿ, ಒಂದು ದೊಡ್ಡ ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಲೋಳೆ ಲೋಳೆ ಆಗುತ್ತದೆ, ಥೇಟ್ ಮೊಟ್ಟೆಯ ಬಿಳಿಯ ಹಾಗೆ. ಅದು ಒಂದು ಮೊಟ್ಟೆಗೆ ಸಮ. ಡಬ್ಬಿಯಲ್ಲಿರುವ ಅಗಸಿ ಚಟ್ನಿಪುಡಿ ತೆಗೆದು ಹಾಕಬೇಡಿ, ಅದರಲ್ಲಿ ಉಪ್ಪು, ಖಾರ, ಬೆಳ್ಳುಳ್ಳಿ ಎಲ್ಲ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಅಗಸಿ ಕಾಣಲಿಲ್ಲ, ಆದರೂ ಅಮ್ಮನ ಔಷಧಿ ಡಬ್ಬಿಯಲ್ಲಿ ಒಮ್ಮೆ ನೋಡಿ.

ಒಲೆ ಮುಂದೆ | ಶುಕ್ರವಾರ, ಸಂಜೆ 7:20

ಹನ್ನೊಂದು ವರ್ಷ ಬೇಕರಿಯಲ್ಲಿ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ. "ಮೊಟ್ಟೆಗೆ ಬದಲು ಏನು" ಅಂತ ಕೇಳಿದರೆ ಎಲ್ಲರೂ ಬೇರೆ ಬೇರೆ ಉತ್ತರ ಕೊಡುತ್ತಾರೆ, ಎಲ್ಲವೂ ಅರ್ಧ ಸರಿ. "ಈ ಕೇಕಿನಲ್ಲಿ ಮೊಟ್ಟೆ ಯಾವ ಕೆಲಸ ಮಾಡುತ್ತಿತ್ತು" ಅಂತ ಕೇಳಿ. ಆಗ ಉತ್ತರ ನಿಮ್ಮ ಡಬ್ಬಿಗಳಲ್ಲೇ ಕಾಣಿಸುತ್ತದೆ.

ಒಂದು ಮೊಟ್ಟೆ ಅಂದರೆ ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ. ಅದರಲ್ಲಿ ಮುಕ್ಕಾಲು ಭಾಗ ನೀರು. ಅಂದರೆ ಮೊದಲನೆಯ ಕೆಲಸ ಹಿಟ್ಟಿಗೆ ತೇವ ಕೊಡುವುದು. ಎರಡನೆಯದು, ಬಿಸಿಗೆ ಗಟ್ಟಿಯಾಗಿ ಹಿಟ್ಟನ್ನು ಹಿಡಿದಿಟ್ಟುಕೊಳ್ಳುವುದು. ಮೂರನೆಯದು, ಬೀಸಿದಾಗ ಗಾಳಿ ತುಂಬಿಕೊಂಡು ಉಬ್ಬುವುದು. ನಾಲ್ಕನೆಯದು, ಎಣ್ಣೆ ಮತ್ತು ನೀರು ಬೇರೆ ಆಗದ ಹಾಗೆ ನೋಡಿಕೊಳ್ಳುವುದು. ಆ ಕೆಲಸ ಹಳದಿಯ ಲೆಸಿಥಿನ್‌ನದು.

ಬಾಳೆಹಣ್ಣು ತೇವ ಕೊಡುತ್ತದೆ, ಸ್ವಲ್ಪ ಹಿಡಿಯುತ್ತದೆ, ಉಬ್ಬಿಸುವುದಿಲ್ಲ. ಅಗಸೆ ಚೆನ್ನಾಗಿ ಹಿಡಿಯುತ್ತದೆ, ಅದೂ ಉಬ್ಬಿಸುವುದಿಲ್ಲ. ಕಡಲೆ ಹಿಟ್ಟು ಮೂರು ಚಮಚ, ನೀರು ಮೂರು ಚಮಚ ಕಲಸಿದರೆ ಬಿಸ್ಕತ್ತಿಗೆ ಬಹಳ ಒಳ್ಳೆಯದು, ಆದರೆ ಸರಿಯಾಗಿ ಬೇಯದಿದ್ದರೆ ಹಸಿ ವಾಸನೆ ಉಳಿಯುತ್ತದೆ.

ನನ್ನ ಲೆಕ್ಕ ಇಷ್ಟು. ಒಂದೆರಡು ಮೊಟ್ಟೆಯ ರೆಸಿಪಿ ಆದರೆ ಬದಲಿ ಹಾಕಿ ಗೆಲ್ಲಬಹುದು. ನಾಲ್ಕು ಮೊಟ್ಟೆಯ ಸ್ಪಂಜ್ ಕೇಕಿಗೆ ಬದಲಿ ಹುಡುಕುವುದು ಹಿಟ್ಟು ದಂಡ ಮಾಡಿದ ಹಾಗೆ. ಅದರ ಬದಲು ಹುಟ್ಟುವಾಗಲೇ ಮೊಟ್ಟೆ ಇಲ್ಲದೆ ಹುಟ್ಟಿದ ಕೇಕ್ ಆರಿಸಿಕೊಳ್ಳಿ. ಅಂಥದ್ದು ಇದೆ. ನಿಮ್ಮ ಪಟ್ಟಿಗೆ ಅಳತೆ ತೆಗೆದ ಹಾಗೆ ಇದೆ. ಊಟ ಮಾಡಿ ಬಂದು ಬರೆಯುತ್ತೇನೆ.

ಜಯನಗರದ ಸೊಸೆ | ಶುಕ್ರವಾರ, ರಾತ್ರಿ 7:41

ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆ ಇಲ್ಲದ ಕೇಕ್ ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ! ಹನಿ ಕೇಕ್, ದಿಲ್‌ಪಸಂದ್ ಎಲ್ಲ ನಾವು ತಿಂದು ಬೆಳೆದದ್ದೇ. ಎಗ್‌ಲೆಸ್ ಕೇಕ್ ರೆಸಿಪಿ ಒಂದನ್ನು ಹಿಡಿದು ಮಾಡಿದರೆ ಆಯಿತಲ್ವಾ?

ಮೈನ್ ನದಿ ದಂಡೆ | ಶುಕ್ರವಾರ, ರಾತ್ರಿ 7:58

ಎಗ್‌ಲೆಸ್ ಬೇರೆ, ವೀಗನ್ ಬೇರೆ. ನಮ್ಮ ಎಗ್‌ಲೆಸ್ ಕೇಕ್‌ಗಳಲ್ಲಿ ಮೊಟ್ಟೆಯ ಕೆಲಸವನ್ನು ಮಾಡುವುದೇ ಹಾಲಿನ ಪದಾರ್ಥ. ಮೊಸರು, ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ. ಅವನ್ನು ತೆಗೆದರೆ ಕೇಕ್ ಕುಸಿಯುತ್ತದೆ.

ಇನ್ನೊಂದು ಮಾತು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ವೀಗನ್ ಅಂದುಕೊಳ್ಳಬೇಡಿ. ಹಸಿರು ಚುಕ್ಕೆ ಇರುವ ಪದಾರ್ಥದಲ್ಲಿ ಹಾಲು ಇರಬಹುದು. ಭಾರತದಲ್ಲಿ ವೀಗನ್ ಆಹಾರಕ್ಕೆ 2022ರಲ್ಲಿ ಬೇರೆ ನಿಯಮ ಬಂದಿದೆ, ಬೇರೆ ಗುರುತೂ ಇದೆ, ವಿ ಅಕ್ಷರಕ್ಕೆ ಎಲೆ ಮೂಡಿದ ಹಾಗೆ. ಆ ಗುರುತು ಇಲ್ಲದಿದ್ದರೆ ಹಿಂದಿನ ಸಣ್ಣ ಅಕ್ಷರ ಓದಿ. ಮಾರ್ಗರಿನ್‌ನಲ್ಲಿ, ಬಿಸ್ಕತ್ತಿನಲ್ಲಿ, ಕೆಲವು ಬ್ರೆಡ್ಡಿನಲ್ಲಿ ಹಾಲಿನ ಪುಡಿ ಅಡಗಿ ಕೂತಿರುತ್ತದೆ. ಕೋಕೋ ಡಬ್ಬಿಯನ್ನೂ ನೋಡಿ. ಬರೀ ಕೋಕೋ ಆದರೆ ತೊಂದರೆ ಇಲ್ಲ, ಕುಡಿಯುವ ಚಾಕೊಲೇಟ್ ಪುಡಿ ಆದರೆ ಹಾಲು, ಸಕ್ಕರೆ ಎರಡೂ ಇರಬಹುದು.

ಇಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಾನು ಮೊಟ್ಟೆಗೆ ಬದಲು ಬಾಟಲಿಯ ಸೇಬಿನ ಗೊಜ್ಜು ಹಾಕುತ್ತೇನೆ, ಆಪ್‌ಫೆಲ್‌ಮುಸ್ ಅನ್ನುತ್ತಾರೆ. ನಿಮ್ಮಲ್ಲಿ ಸಿಹಿಗುಂಬಳ ಇದ್ದರೆ ಬೇಯಿಸಿ ಅರೆದು ಹಾಗೇ ಹಾಕಬಹುದು.

ತೋಟದ ಮನೆ | ಶುಕ್ರವಾರ, ರಾತ್ರಿ 8:30

ಡಬ್ಬಿ ನೋಡಿದೆ. ಬರೀ ಕೋಕೋ. ಅಮ್ಮನ ಡಬ್ಬಿಯಲ್ಲಿ ಅಗಸೆ ಸಿಗಲಿಲ್ಲ.

ಹಿತ್ತಲ ಹಸು | ಶುಕ್ರವಾರ, ರಾತ್ರಿ 8:44

ಕೇಳಿದೆ ಅಂತ ಬೇಜಾರು ಮಾಡಬೇಡಿ. ನಿಮ್ಮದು ತೋಟದ ಮನೆ, ಕೊಟ್ಟಿಗೆ ಇರಬೇಕು. ಮನೆಯ ಹಸು, ಕರು ಕುಡಿದು ಉಳಿದ ಹಾಲು. ಅದನ್ನೂ ಬೇಡ ಅನ್ನುವುದು ಯಾಕೆ? ಹುಡುಗನಿಗೆ ಒಮ್ಮೆ ಹೇಳಿ ನೋಡಬಾರದೇ?

ತೋಟದ ಮನೆ | ಶುಕ್ರವಾರ, ರಾತ್ರಿ 9:05

ಬೇಜಾರಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸು ಇವೆ. ಅವನು ಬಂದಾಗಲೆಲ್ಲ ಅವಕ್ಕೆ ಹುಲ್ಲು ಹಾಕುವುದು, ಮೈ ತಿಕ್ಕುವುದು ಅವನೇ. ಹಾಲು ಮಾತ್ರ ಕುಡಿಯುವುದಿಲ್ಲ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಕೇಳಿದ್ದೆ. ಅವನು ಜಗಳ ಆಡಲಿಲ್ಲ, ನಮಗೆ ಉಪದೇಶವನ್ನೂ ಮಾಡಲಿಲ್ಲ. "ನನಗೆ ಬೇಡ ಮಾಮ" ಅಂದ, ಅಷ್ಟೆ. ಅಮ್ಮ ಏಕಾದಶಿಗೆ ಅನ್ನ ಬಿಡುತ್ತಾರೆ. ಅವರನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ. ಅವನನ್ನೂ ಕೇಳುವುದು ಬಿಟ್ಟೆ.

ಹಿತ್ತಲ ಹಸು | ಶುಕ್ರವಾರ, ರಾತ್ರಿ 9:12

ಸರಿ. ಹಾಗಾದರೆ ಒಂದು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಪಾತ್ರೆಗೆ ಸವರುವಾಗ ಅಭ್ಯಾಸಬಲದಿಂದ ತುಪ್ಪದ ಗಿಂಡಿಗೆ ಕೈ ಹೋಗುತ್ತದೆ. ಕೊಬ್ಬರಿ ಎಣ್ಣೆಯನ್ನು ಈಗಲೇ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಒಲೆ ಮುಂದೆ | ಶುಕ್ರವಾರ, ರಾತ್ರಿ 9:30

ಬಂದೆ. ಹೇಳಿದ ಕೇಕ್ ಇದು. ಅಮೆರಿಕದಲ್ಲಿ ಕಳೆದ ಶತಮಾನದ ಕಷ್ಟಕಾಲದ ಅಡುಗೆ. ಮೊಟ್ಟೆ, ಹಾಲು, ಬೆಣ್ಣೆ ಮೂರೂ ಇಲ್ಲದೆ ಮನೆಯ ಹೆಂಗಸರು ಮಾಡುತ್ತಿದ್ದ ಚಾಕೊಲೇಟ್ ಕೇಕ್. ಅಲ್ಲಿ ಅದನ್ನು ವ್ಯಾಕಿ ಕೇಕ್ ಅನ್ನುತ್ತಾರೆ, ಡಿಪ್ರೆಷನ್ ಕೇಕ್ ಅಂತಲೂ ಹೆಸರಿದೆ. ವೀಗನ್ ಅನ್ನುವ ಪದವೇ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಇದನ್ನು ಮಾಡುತ್ತಿದ್ದವರು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಮನೆಯಲ್ಲಿ ಇದ್ದದ್ದು ಅಷ್ಟೇ ಇತ್ತು. ನಿಮ್ಮ ಪರಿಸ್ಥಿತಿಯೂ ಅದೇ ಅಲ್ವಾ?

240 ಮಿಲಿ ಕಪ್ಪಿನ ಅಳತೆ. ಮೈದಾ ಒಂದೂವರೆ ಕಪ್. ಸಕ್ಕರೆ ಒಂದು ಕಪ್. ಕೋಕೋ ಮೂರು ದೊಡ್ಡ ಚಮಚ. ಸೋಡಾ ಒಂದು ಟೀ ಚಮಚ, ತಲೆ ತಟ್ಟಿ ಸಮ ಮಾಡಿದ್ದು. ಉಪ್ಪು ಅರ್ಧ ಟೀ ಚಮಚ. ಇದಿಷ್ಟನ್ನೂ ಎರಡು ಸಲ ಜರಡಿ ಹಿಡಿಯಿರಿ, ಸೋಡಾ ಗಂಟು ಉಳಿದರೆ ಆ ತುತ್ತು ಸಾಬೂನಿನ ಹಾಗೆ ಇರುತ್ತದೆ. ಇನ್ನೊಂದು ಪಾತ್ರೆಯಲ್ಲಿ ನೀರು ಒಂದು ಕಪ್, ಎಣ್ಣೆ ಐದಾರು ದೊಡ್ಡ ಚಮಚ, ಹುಳಿ ಒಂದು ದೊಡ್ಡ ಚಮಚ. ಮೂಲದಲ್ಲಿ ವಿನೆಗರ್, ನಿಮಗೆ ನಿಂಬೆರಸ. ಎರಡನ್ನೂ ಸೇರಿಸಿ, ಹಿಟ್ಟು ಕಾಣದಷ್ಟು ಕಲಸಿದರೆ ಸಾಕು. ಜಾಸ್ತಿ ತಿರುಗಿಸಿದರೆ ಮೈದಾ ಜಿಗುಟಾಗಿ ಕೇಕ್ ರಬ್ಬರ್ ಆಗುತ್ತದೆ. ಓವನ್ ಆದರೆ 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ.

ಇಲ್ಲಿ ಉಬ್ಬಿಸುವವರು ಸೋಡಾ ಮತ್ತು ಹುಳಿ. ಎರಡೂ ಸೇರಿದ ಕೂಡಲೇ ಗಾಳಿಗುಳ್ಳೆ ಏಳುತ್ತದೆ. ಆ ಗುಳ್ಳೆ ಇರುವಾಗಲೇ ಹಿಟ್ಟು ಬಿಸಿಗೆ ಹೋಗಬೇಕು. ಮೊದಲು ಒಲೆ ಕಾಯಿಸಿ, ಆಮೇಲೆ ಹುಳಿ ಹಾಕಿ. ಇದೊಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ಆಗುತ್ತದೆ.

ಸೋಡಾ ಹಳೆಯದಾಗಿದ್ದರೆ ಒಂದು ಚಿಟಿಕೆಗೆ ನಿಂಬೆರಸ ಬಿಟ್ಟು ನೋಡಿ. ಬುಸ್ ಅಂತ ನೊರೆ ಎದ್ದರೆ ಜೀವ ಇದೆ.

ತೋಟದ ಮನೆ | ಶುಕ್ರವಾರ, ರಾತ್ರಿ 9:48

ಬುಸ್ ಅಂದಿತು! ಸಕ್ಕರೆಗೆ ಬದಲು ಜೋನಿ ಬೆಲ್ಲ ಹಾಕಬಹುದಾ? ಅವನಿಗೆ ನಮ್ಮ ಆಲೆಮನೆಯ ಬೆಲ್ಲ ಅಂದರೆ ಪ್ರಾಣ. ಹುಳಿಗೆ ಮುರುಗಲು ನಡೆಯುತ್ತದಾ? ನಿಂಬೆ ಎರಡೇ ಇವೆ.

ಒಲೆ ಮುಂದೆ | ಶುಕ್ರವಾರ, ರಾತ್ರಿ 10:02

ಜೋನಿ ಬೆಲ್ಲ ಮುಕ್ಕಾಲು ಕಪ್ ಹಾಕಿ, ನೀರಿನಲ್ಲಿ ಮೂರು ನಾಲ್ಕು ದೊಡ್ಡ ಚಮಚ ಕಡಿಮೆ ಮಾಡಿ. ಬೆಲ್ಲದಲ್ಲೇ ನೀರಿದೆ. ಬೆಲ್ಲಕ್ಕೆ ಸ್ವಲ್ಪ ಹುಳಿಯ ಗುಣವೂ ಇದೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವುದು ನೋಡಿದ್ದೀರಲ್ಲ? ಆ ಹುಳಿ ಇಲ್ಲಿ ಸೋಡಾಕ್ಕೆ ಜೊತೆಯಾಗುತ್ತದೆ. ಸೋಸಿ ಹಾಕಿ, ಕಸ ಇದ್ದೇ ಇರುತ್ತದೆ.

ಮುರುಗಲು ನೆನೆಸಿದ ನೀರು ನಡೆಯುತ್ತದೆ. ಆದರೆ ಅದರ ಕೆಂಪು ಸೋಡಾ ತಾಗಿದರೆ ಬಣ್ಣ ಬದಲಾಗುತ್ತದೆ. ಕೋಕೋ ಕೇಕಿನಲ್ಲಿ ಅದು ಕಾಣುವುದಿಲ್ಲ. ಒಣ ಮುರುಗಲಿಗೆ ಉಪ್ಪು ಹಾಕಿ ಒಣಗಿಸಿದ್ದರೆ ಕೇಕಿನ ಉಪ್ಪು ಬಿಡಿ. ಮೊದಲ ಸಲಕ್ಕೆ ನಿಂಬೆಯೇ ಇರಲಿ, ಅದರ ಹುಳಿ ನಮಗೆ ಗೊತ್ತಿರುವಂಥದ್ದು.

ಅರ್ಧ ಕಿಲೋ ಮೈದಾ ಅಂದರೆ ನಾಲ್ಕು ಕಪ್. ಎರಡು ಸಲ ಮಾಡುವಷ್ಟಿದೆ. ನಾಳೆ ಒಮ್ಮೆ ಮಾಡಿ ನೋಡಿ, ಭಾನುವಾರ ಧೈರ್ಯವಾಗಿ ಮಾಡಿ.

ಕಟ್ಟಿನ ಸಾರು | ಶುಕ್ರವಾರ, ರಾತ್ರಿ 10:20

ಕಡಲೆಕಾಳು ಇದೆ ಅಂದಿರಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ತಡೆಯಲಾಗಲಿಲ್ಲ.

ಹುರುಳಿ ಬೇಯಿಸಿ ಬಸಿದ ನೀರಿಗೆ ನಾವು ಕಟ್ಟು ಅನ್ನುತ್ತೇವೆ. ಹೋಳಿಗೆ ಮಾಡಿದ ದಿನ ಕಡಲೆಬೇಳೆಯ ಕಟ್ಟಿನಲ್ಲೇ ಸಾರು. ಆ ನೀರನ್ನು ಚೆಲ್ಲಬಾರದು ಅಂತ ನಮ್ಮಜ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಅದೇ ಕಡಲೆಕಾಳಿನ ಕಟ್ಟು ಪ್ರಪಂಚದ ವೀಗನ್ ಬೇಕರಿಗಳಲ್ಲಿ ಮೊಟ್ಟೆಯ ಬಿಳಿಯ ಜಾಗದಲ್ಲಿ ಕೂತಿದೆ. 2014ರಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೋಸೆಲ್ ಎಂಬವರು ಕಾಳು ಬೆಂದ ನೀರನ್ನು ಬೀಸಿದರೆ ಮೊಟ್ಟೆಯ ಹಾಗೆ ನೊರೆ ನಿಲ್ಲುತ್ತದೆ ಅಂತ ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅಕ್ವಾ ಅಂದರೆ ನೀರು, ಫಾಬಾ ಅಂದರೆ ಅವರೆಯಂಥ ಕಾಳು. ಅಂದರೆ ಕಟ್ಟು! ನನಗಂತೂ ಅದನ್ನು ಓದಿದ ದಿನ ಅಜ್ಜಿ ಬಹಳ ನೆನಪಾದರು.

ಮಾಡುವುದು ಹೀಗೆ. ಕಾಬೂಲಿ ಕಡಲೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರು ಕಾಳು ಮುಳುಗುವಷ್ಟೇ ಹಾಕಿ ಮೆತ್ತಗೆ ಬೇಯಿಸಿ. ಉಪ್ಪು, ಅರಿಶಿನ, ಇಂಗು ಏನೂ ಬೇಡ. ಕಾಳನ್ನು ಅದರಲ್ಲೇ ಆರಲು ಬಿಡಿ. ಬಸಿದ ಮೇಲೆ ನೀರು ತೆಳ್ಳಗಿದ್ದರೆ ಕುದಿಸಿ ಇಳಿಸಿ, ಮೊಟ್ಟೆಯ ಬಿಳಿಯಷ್ಟು ದಪ್ಪ ಬರಬೇಕು. ಮೂರು ದೊಡ್ಡ ಚಮಚ ಒಂದು ಮೊಟ್ಟೆಗೆ, ಎರಡು ಚಮಚ ಒಂದು ಬಿಳಿಗೆ. ಪಾತ್ರೆಯಲ್ಲಿ ಒಂದು ಹನಿ ಎಣ್ಣೆಯ ಜಿಡ್ಡಿದ್ದರೂ ನೊರೆ ಏಳುವುದಿಲ್ಲ. ನಾಟಿ ಕಡಲೆಯದೂ ಆಗುತ್ತದೆ, ಬಣ್ಣ ಕಂದು.

ಒಲೆ ಮುಂದೆ | ಶುಕ್ರವಾರ, ರಾತ್ರಿ 10:31

ಒಪ್ಪುತ್ತೇನೆ, ಅದು ದೊಡ್ಡ ವಸ್ತು. ಮೆರಾಂಗ್, ಅಂದರೆ ಮೊಟ್ಟೆಯ ಬಿಳಿಯನ್ನು ಸಕ್ಕರೆ ಜೊತೆ ನೊರೆ ಬರುವ ಹಾಗೆ ಬೀಸಿ ಮಾಡುವ ಸಿಹಿ, ಅದಕ್ಕೆ ಇದಕ್ಕಿಂತ ಒಳ್ಳೆಯ ಬದಲಿ ಇಲ್ಲ. ಆದರೆ ಅವರಲ್ಲಿ ಕರೆಂಟಿಲ್ಲ. ಕೈಯಲ್ಲಿ ಅದನ್ನು ಗಟ್ಟಿ ನೊರೆ ಬರುವ ತನಕ ಬೀಸುವುದು ತೋಳು ಬೀಳುವ ಕೆಲಸ. ಈ ಕೇಕಿಗೆ ಬೇಕಾಗಿಯೂ ಇಲ್ಲ. ಕರೆಂಟು ಬಂದಾಗ ಮಾಡಲಿ.

ಕಡಲ ಕರೆ | ಶನಿವಾರ, ಬೆಳಿಗ್ಗೆ 6:50

ಕುಮಟಾದಿಂದ. ನೀವೆಲ್ಲ ರಾತ್ರಿ ಇಷ್ಟು ಮಾತಾಡಿದ್ದೀರಿ, ಅಟ್ಟದ ಮೇಲಿನ ಮಗೆಕಾಯಿಯನ್ನು ಮಾತ್ರ ಯಾರೂ ನೋಡಲಿಲ್ಲ!

ನಮ್ಮ ಕೊಂಕಣಿ ಮನೆಗಳಲ್ಲಿ ತವಸಳಿ ಅಂತ ಮಾಡುತ್ತೇವೆ. ಸೌತೆಕಾಯಿಯ ಕೇಕ್. ಅದರಲ್ಲಿ ಹಾಲು, ಮೊಟ್ಟೆ, ಬೆಣ್ಣೆ ಯಾವತ್ತೂ ಇರಲೇ ಇಲ್ಲ. ಇಡ್ಲಿ ರವೆ ಒಂದು ಕಪ್, ಘಮ್ ಅನ್ನುವ ಹಾಗೆ ಹುರಿಯಿರಿ. ಬಲಿತ ಕಾಯಿಯ ತಿರುಳು ಬೀಜ ತೆಗೆದು ತುರಿದದ್ದು ಒಂದೂವರೆಯಿಂದ ಎರಡು ಕಪ್. ಬೆಲ್ಲ ಮುಕ್ಕಾಲು ಕಪ್, ಕಾಯಿತುರಿ ಅರ್ಧ ಕಪ್, ಚಿಟಿಕೆ ಉಪ್ಪು, ಏಲಕ್ಕಿ. ಬೇರೆ ನೀರು ಹಾಕಬೇಡಿ. ತುರಿಯಿಂದ ಬಿಡುವ ನೀರನ್ನು ರವೆ ಕುಡಿಯುತ್ತದೆ, ಅರ್ಧ ಗಂಟೆ ಬಿಡಿ. ಇಡ್ಲಿ ಪಾತ್ರೆಯಲ್ಲಿ ಬಾಳೆಎಲೆ ಹಾಸಿ ಹಬೆಯಲ್ಲಿ ಅರ್ಧ ಗಂಟೆ. ಕಾಯಿ ಮೊದಲು ಒಂದು ಚೂರು ತಿಂದು ನೋಡಿ, ಕಹಿ ಇದ್ದರೆ ಇಡೀ ತವಸಳಿ ಹಾಳು.

ಕರೆಂಟು ಬೇಡ, ಸೋಡಾ ಬೇಡ, ಉಬ್ಬುತ್ತದೋ ಇಲ್ಲವೋ ಅನ್ನುವ ಭಯವೂ ಇಲ್ಲ. ವೀಗನ್ ಕೇಕ್ ಹೊಸದು ಅನ್ನುವವರಿಗೆ ನಾನು ಇದನ್ನೇ ತಿನ್ನಿಸುವುದು.

ತೋಟದ ಮನೆ | ಶನಿವಾರ, ಬೆಳಿಗ್ಗೆ 7:30

ಅಮ್ಮನಿಗೆ ಓದಿ ಹೇಳಿದೆ. "ಅದು ನಮ್ಮ ಸೌತೆಕಾಯಿ ಕಡುಬೇ ಅಲ್ಲವೇನೋ, ಎಲೆಯಲ್ಲಿ ಕಟ್ಟುವುದರ ಬದಲು ತಟ್ಟೆಗೆ ಹೊಯ್ಯುತ್ತಾರೆ" ಅಂದರು. ಹೌದು, ಅದೇ. ಆದರೆ ಹುಟ್ಟುಹಬ್ಬಕ್ಕೆ ಅವನಿಗೆ ಚಾಕೊಲೇಟ್ ಕೇಕ್ ಕೊಡಬೇಕು ಅಂತ ಆಸೆ. ಗ್ಯಾಸ್ ಮೇಲೆ ಮಾಡುವುದು ಹೇಗೆ, ಯಾರಾದರೂ ಹೇಳಿ. ಕುಕ್ಕರಿನಲ್ಲಿ ಮರಳು ಹಾಕುತ್ತಾರಂತೆ?

ಒಲೆ ಮುಂದೆ | ಶನಿವಾರ, ಬೆಳಿಗ್ಗೆ 8:15

ಕುಕ್ಕರ್ ಬೇಡ. ಒಣಗಿದ ಕುಕ್ಕರನ್ನು ಗಂಟೆಗಟ್ಟಲೆ ಕಾಯಿಸಿದರೆ ಅದರ ತಳ ಹಾಳಾಗುತ್ತದೆ, ಆಮೇಲೆ ಅದರಲ್ಲಿ ಅನ್ನ ಮಾಡಲು ಭಯ. ಹಳೆಯ ದಪ್ಪ ತಳದ ಬಾಣಲೆ ಅಥವಾ ಕಬ್ಬಿಣದ ಪಾತ್ರೆ ತೆಗೆದುಕೊಳ್ಳಿ. ಅದರ ಮೇಲೆ ಸರಿಯಾಗಿ ಕೂರುವ ಮುಚ್ಚಳ ಬೇಕು. ತಳಕ್ಕೆ ಒಂದು ಇಂಚು ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಮರಳು. ಈ ಮಳೆಯಲ್ಲಿ ಒಣ ಮರಳು ಎಲ್ಲಿ ಸಿಗಬೇಕು, ಉಪ್ಪೇ ಸರಿ. ಉಪ್ಪಿನ ಮೇಲೆ ಸಿಂಬಿಯಂಥ ಸ್ಟ್ಯಾಂಡ್. ಕೇಕ್ ಪಾತ್ರೆಯ ತಳ ಉಪ್ಪಿಗೆ ತಾಗಬಾರದು, ಸುತ್ತ ಒಂದು ಬೆರಳಿನಷ್ಟು ಜಾಗ ಇರಬೇಕು. ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಹುಳಿ ಬೆರೆಸಿ, ಹೊಯ್ದು, ಒಳಗಿಟ್ಟು, ಸಣ್ಣ ಉರಿಯಲ್ಲಿ ನಲವತ್ತೈದರಿಂದ ಐವತ್ತೈದು ನಿಮಿಷ. ನಲವತ್ತು ನಿಮಿಷದ ತನಕ ಮುಚ್ಚಳ ಎತ್ತಬೇಡಿ.

ಇಲ್ಲಿ ಬಿಸಿ ಕೆಳಗಿನಿಂದ ಮಾತ್ರ. ಮೇಲ್ಭಾಗ ಕಂದು ಬರುವುದಿಲ್ಲ, ಅದಕ್ಕೆ ಹೆದರಬೇಡಿ. ಗೋವಾದಲ್ಲಿ ಬೆಬಿಂಕಾ ಮಾಡುವವರು ಮುಚ್ಚಳದ ಮೇಲೆ ಕೆಂಡ ಹಾಕುತ್ತಿದ್ದರು. ನಿಮ್ಮಲ್ಲಿ ಬಚ್ಚಲ ಒಲೆಯ ಕೆಂಡ ಇದ್ದರೆ ಕೊನೆಯ ಹತ್ತು ನಿಮಿಷ ನೀವೂ ಹಾಕಬಹುದು.

ತೋಟದ ಮನೆ | ಶನಿವಾರ, ಮಧ್ಯಾಹ್ನ 3:40

ಮಾಡಿದೆ. ನಡುವೆ ಕುಸಿಯಿತು. ಅಂಚು ಚೆನ್ನಾಗಿದೆ, ರುಚಿ ಚೆನ್ನಾಗಿದೆ, ಮಧ್ಯ ಮಾತ್ರ ತಟ್ಟೆಯ ಹಾಗೆ ತಗ್ಗು, ಕೆಳಗೆ ಹಸಿ ಹಸಿ ಅಂಟು. ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಹಿಟ್ಟು ಕಲಸಿ ನಿಂಬೆರಸ ಹಾಕಿದ ಮೇಲೆ ಗ್ಯಾಸ್ ಮುಗಿಯಿತು. ಬೇರೆ ಸಿಲಿಂಡರ್ ಜೋಡಿಸಿ, ಮತ್ತೆ ಉಪ್ಪು ಕಾಯುವ ತನಕ ಹಿಟ್ಟು ಇಪ್ಪತ್ತು ನಿಮಿಷ ಹಾಗೇ ಕೂತಿತ್ತು. ಆಮೇಲೆ ಬೆಂದಿತೋ ಅಂತ ಇಪ್ಪತ್ತೈದು ನಿಮಿಷಕ್ಕೆ ಮುಚ್ಚಳ ಎತ್ತಿ ನೋಡಿದೆ. ಬೆಲ್ಲ ಹಾಕಿದ್ದೆ, ನೀರು ಕಡಿಮೆ ಮಾಡುವುದು ಮರೆತಿತ್ತು.

ಒಲೆ ಮುಂದೆ | ಶನಿವಾರ, ಸಂಜೆ 4:05

ಮೂರಕ್ಕೂ ಉತ್ತರ ನೀವೇ ಹೇಳಿದ್ದೀರಿ. ಇಪ್ಪತ್ತು ನಿಮಿಷದಲ್ಲಿ ಗುಳ್ಳೆ ಹಾರಿಹೋಯಿತು. ಮುಚ್ಚಳ ಎತ್ತಿದಾಗ ಒಳಗಿನ ಬಿಸಿ ಇಳಿಯಿತು, ಇನ್ನೂ ಗಟ್ಟಿಯಾಗದ ಹಿಟ್ಟು ಕೂತಿತು. ಮೊಟ್ಟೆ ಇದ್ದಿದ್ದರೆ ಅದು ಬೇಗ ಗಟ್ಟಿಯಾಗಿ ಸ್ವಲ್ಪ ಕಾಪಾಡುತ್ತಿತ್ತು. ಮೊಟ್ಟೆ ಇಲ್ಲದ ಕೇಕಿನಲ್ಲಿ ಹಿಡಿದು ನಿಲ್ಲಿಸುವುದು ಮೈದಾದ ಅಂಟು ಮತ್ತು ಬೆಂದ ಪಿಷ್ಟ ಮಾತ್ರ, ಅದಕ್ಕೆ ಸಮಯ ಬೇಕು. ನೀರು ಜಾಸ್ತಿ ಆದರೆ ಇನ್ನೂ ಸಮಯ ಬೇಕು.

ಕುಸಿದದ್ದನ್ನು ಎಸೆಯಬೇಡಿ. ಅಂಚನ್ನು ಪುಡಿ ಮಾಡಿ, ಹುರಿದ ಶೇಂಗಾ ಪುಡಿ, ಸ್ವಲ್ಪ ಬೆಲ್ಲ ಸೇರಿಸಿ ಉಂಡೆ ಕಟ್ಟಿ. ಬೇಕರಿಗಳಲ್ಲಿ ಉಳಿದ ಕೇಕಿನ ಪುಡಿಗೆ ಯಾವತ್ತೂ ಒಂದು ದಾರಿ ಇರುತ್ತದೆ. ಹಸಿ ಇರುವ ಮಧ್ಯವನ್ನು ಹೋಳು ಮಾಡಿ ಕಾವಲಿಯ ಮೇಲೆ ಎರಡೂ ಕಡೆ ಬೇಯಿಸಿ.

ಹೊಸ ಅಡುಗೆ | ಶನಿವಾರ, ಸಂಜೆ 4:20

ಈಗ ಒಂದು ಬಾಳೆಹಣ್ಣು ಸೇರಿಸಿದರೆ ಹಿಡಿತ ಬರುತ್ತದಾ?

ಒಲೆ ಮುಂದೆ | ಶನಿವಾರ, ಸಂಜೆ 4:26

ಪುಟ್ಟಬಾಳೆ ಒಂದು ಹಾಕಬಹುದು, ಮೆತ್ತಗಿರುತ್ತದೆ. ಮೂರು ಹಾಕಿದರೆ ಮತ್ತೆ ಅಂಟು. ಹಾಕಿದರೆ ನೀರು ಇನ್ನೊಂದೆರಡು ಚಮಚ ಕಡಿಮೆ ಮಾಡಿ. ನನ್ನ ಕೇಳಿದರೆ ಬೇಡ. ಕೇಕ್ ಕೆಟ್ಟದ್ದು ಪದಾರ್ಥ ಕಡಿಮೆಯಾಗಿ ಅಲ್ಲ.

ಅಗಸಿ ಹೊಲ | ಶನಿವಾರ, ಸಂಜೆ 5:10

ಮೇಲೆ ಹಚ್ಚಲು ಏನು ಮಾಡುತ್ತೀರಿ? ಕ್ರೀಮ್ ಇಲ್ಲವಲ್ಲ.

ಮೈನ್ ನದಿ ದಂಡೆ | ಶನಿವಾರ, ಸಂಜೆ 5:45

ತೆಂಗಿನಕಾಯಿ ಬೇಕಾದಷ್ಟಿದೆ ಅಂದಿದ್ದಾರಲ್ಲ, ಇನ್ನೇನು ಬೇಕು! ನಾನಿಲ್ಲಿ ಡಬ್ಬಿಯ ಕಾಯಿಹಾಲಿಗೆ ದುಡ್ಡು ಕೊಡುತ್ತೇನೆ. ಕಾಯಿ ರುಬ್ಬಿ, ತುಂಬ ಕಡಿಮೆ ಬಿಸಿನೀರು ಹಾಕಿ, ಮೊದಲ ದಪ್ಪ ಹಾಲನ್ನು ಮಾತ್ರ ಹಿಂಡಿ. ಕೋಕೋ, ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿದರೆ ಗಟ್ಟಿ ಸಾಸ್ ಆಗುತ್ತದೆ. ಆರಿದ ಮೇಲೆ ಇನ್ನೂ ಗಟ್ಟಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಿಮ್ಮ ಮಳೆಗಾಲದ ಚಳಿಗೆ ಒಂದು ಚಮಚ ಸೇರಿಸಿದರೆ ಮೇಲೆ ಹೊಳಪಾಗಿ ನಿಲ್ಲುತ್ತದೆ. ಕಾಯಿಹಾಲು ಅವತ್ತೇ ಹಿಂಡಿ. ಫ್ರಿಜ್ ಇಲ್ಲದಾಗ ಬೇಗ ಹುಳಿಯುತ್ತದೆ.

ತೋಟದ ಮನೆ | ಭಾನುವಾರ, ರಾತ್ರಿ 8:15

ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು. ಆಯಿತು. ಚೆನ್ನಾಗಿ ಆಯಿತು.

ಬೆಳಿಗ್ಗೆ ಮೊದಲು ಉಪ್ಪು ಕಾಯಿಸಿದೆ. ಸಿಲಿಂಡರ್ ಅಲ್ಲಾಡಿಸಿ ನೋಡಿದೆ. ಜೋನಿ ಬೆಲ್ಲ ಮುಕ್ಕಾಲು ಕಪ್, ನೀರು ಮುಕ್ಕಾಲು ಕಪ್. ಆ ನೀರಿನಲ್ಲಿ ಅರ್ಧ ಕಾಫಿ ಡಿಕಾಕ್ಷನ್. ವೆನಿಲ್ಲಾ ಇರಲಿಲ್ಲ, ನಾಲ್ಕು ಏಲಕ್ಕಿ ಕುಟ್ಟಿ ಹಾಕಿದೆ. ನಿಂಬೆರಸ ಕೊನೆಗೆ. ಹಾಕಿ ಎರಡು ನಿಮಿಷದ ಒಳಗೆ ಬಾಣಲೆಯಲ್ಲಿ ಇಟ್ಟಾಗಿತ್ತು. ಅಮ್ಮ ಗಡಿಯಾರ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕೂತರು, ಮುಚ್ಚಳ ಮುಟ್ಟಲು ಬಿಡಲಿಲ್ಲ. ಐವತ್ತು ನಿಮಿಷ ಆದ ಮೇಲೆ ತೆಂಗಿನ ಕಡ್ಡಿ ಚುಚ್ಚಿ ನೋಡಿದರೆ ಸ್ವಚ್ಛವಾಗಿ ಬಂತು. ಮಧ್ಯ ಸ್ವಲ್ಪ ಉಬ್ಬಿ ಒಂದು ಬಿರುಕು ಬಿಟ್ಟಿತ್ತು. ಆ ಬಿರುಕು ನೋಡಿ ನನಗಾದ ಖುಷಿ ಹೇಳಲಾರೆ.

ಒರಳಲ್ಲಿ ಕಾಯಿ ರುಬ್ಬಿದ್ದು ಅವನೇ. ಯಾವುದಕ್ಕೆ ಅಂತ ಅವನಿಗೆ ಹೇಳಿರಲಿಲ್ಲ, ಸಾರಿಗೆ ಅಂದುಕೊಂಡಿದ್ದ.

ಸಂಜೆ ಚಿಮಣಿ ಬೆಳಕಿನಲ್ಲಿ ಕೇಕ್ ಇಟ್ಟಾಗ ಅವನು ಮೊದಲು ನನ್ನ ಮುಖ ನೋಡಿದ. "ಇದರಲ್ಲಿ..." ಅಂದ. ಒಂದೊಂದೇ ಹೇಳಿದೆ. ಮೈದಾ, ಬೆಲ್ಲ, ಕೊಬ್ಬರಿ ಎಣ್ಣೆ, ನಿಂಬೆ, ಕಾಯಿಹಾಲು. ಪಾತ್ರೆಗೂ ಕೊಬ್ಬರಿ ಎಣ್ಣೆಯನ್ನೇ ಸವರಿದ್ದು ಅಂತ ಹೇಳಿದೆ. ಅವನು ಮಾತಾಡಲಿಲ್ಲ. ಕತ್ತರಿಸಿ ಮೊದಲ ಹೋಳನ್ನು ಅಜ್ಜಿಯ ಹತ್ತಿರ ತೆಗೆದುಕೊಂಡು ಹೋದ. "ಅಜ್ಜಿ, ಮೊಟ್ಟೆ ಇಲ್ಲ. ನೀನೇ ಕಾವಲು ಕೂತಿದ್ದೆಯಲ್ಲ" ಅಂದ.

ಅಮ್ಮ ತಿಂದರು. 78 ವರ್ಷಕ್ಕೆ ಮೊದಲ ಸಲ ಕೇಕ್ ತಿಂದರು. ನಿಧಾನವಾಗಿ, ಪೂರ್ತಿ ಹೋಳು.

ಕಟ್ಟಿನ ಸಾರು | ಭಾನುವಾರ, ರಾತ್ರಿ 8:40

ಕಣ್ಣಲ್ಲಿ ನೀರು ಬಂತು. ಅಮ್ಮ ಏನಂದರು?

ತೋಟದ ಮನೆ | ಭಾನುವಾರ, ರಾತ್ರಿ 8:52

"ಬೆಲ್ಲ ಇನ್ನೊಂದು ಚೂರು ಹಾಕಬಹುದಿತ್ತು" ಅಂದರು. ಆಮೇಲೆ ಇನ್ನೊಂದು ಹೋಳು ಕೇಳಿದರು.

ಜಯನಗರದ ಸೊಸೆ | ಭಾನುವಾರ, ರಾತ್ರಿ 9:20

ನಾನು ಮೈದಾ ಬದಲು ಅರ್ಧ ರಾಗಿ ಹಾಕಿ ಮಾಡೋಣ ಅಂತಿದ್ದೇನೆ. ಆಗುತ್ತದಾ? ಆ ಸಾಸಿನ ಅಳತೆಯನ್ನೂ ಹೇಳಿ.

ಒಲೆ ಮುಂದೆ | ಭಾನುವಾರ, ರಾತ್ರಿ 9:41

ರಾಗಿಯಲ್ಲಿ ಅಂಟು ಇಲ್ಲ, ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಬೇಡ. ಗೋಧಿ ಹಿಟ್ಟು ಹಾಕುವುದಾದರೆ ಎರಡು ಮೂರು ಚಮಚ ನೀರು ಜಾಸ್ತಿ ಬೇಕು, ಅದು ಮೈದಾಕ್ಕಿಂತ ಹೆಚ್ಚು ಕುಡಿಯುತ್ತದೆ. ರಾಗಿ ಕೇಕಿಗೆ ಅಗಸಿ ಹೊಲದವರ ಲೋಳೆ ಒಂದು ಮೊಟ್ಟೆಯಷ್ಟು ಸೇರಿಸಿ. ಅಲ್ಲಿ ಹಿಡಿತ ಬೇಕು.

ತೋಟದ ಮನೆ | ಸೋಮವಾರ, ಬೆಳಿಗ್ಗೆ 7:05

ಸಾಸಿಗೆ ದಪ್ಪ ಕಾಯಿಹಾಲು ಅರ್ಧ ಕಪ್, ಕೋಕೋ ಎರಡು ದೊಡ್ಡ ಚಮಚ, ಜೋನಿ ಬೆಲ್ಲ ಕಾಲು ಕಪ್, ಕೊಬ್ಬರಿ ಎಣ್ಣೆ ಒಂದು ಚಮಚ, ಚಿಟಿಕೆ ಉಪ್ಪು. ಅಮ್ಮನ ಪ್ರಕಾರ ಬೆಲ್ಲ ಇನ್ನೊಂದು ಚಮಚ.

ಮಳೆ ಸ್ವಲ್ಪ ಕಡಿಮೆ ಆಗಿದೆ, ಮೋರಿ ಮೇಲಿನ ನೀರೂ ಇಳಿಯುತ್ತಿದೆ. ಅವನು ನಾಳೆ ಹೊರಡುತ್ತಾನಂತೆ. ಕೇಕ್ ರಾತ್ರಿಯೇ ಮುಗಿಯಿತು. ದಾರಿಗೆ ಕಟ್ಟಿಕೊಡಲು ತವಸಳಿ ಮಾಡು ಅಂತ ಅಮ್ಮ ಆಗಲೇ ಅಟ್ಟದಿಂದ ಮಗೆಕಾಯಿ ಇಳಿಸಿಟ್ಟಿದ್ದಾರೆ. ಚೂರು ತಿಂದು ನೋಡಿದೆ, ಕಹಿ ಇಲ್ಲ. ರವೆ ಹುರಿಯಲು ಹೋಗುತ್ತೇನೆ.